ಎಕ್ಸೆಲ್ ಓದೋಕೆ ಪೈಥಾನ್ ಇಷ್ಟು ಹೊತ್ತು ತಗೊಳ್ಳೋದು ಯಾಕೆ?

ಪ್ರಶ್ನೆ: ವಿನ್32ಕಾಮ್ (ಪೈಥಾನ್‌ನಿಂದ ಎಕ್ಸೆಲ್‌ನಂಥ ವಿಂಡೋಸ್ ಪ್ರೋಗ್ರಾಂಗಳನ್ನು ನಡೆಸುವ ಲೈಬ್ರರಿ) ಬಳಸಿ, ಲೂಪ್ ಹಾಕಿ ಒಂದೊಂದೇ ಸೆಲ್ಲಾಗಿ ಎಕ್ಸೆಲ್ ಹಾಳೆ ಓದುತ್ತಿದ್ದೇನೆ. 5,000 ಸಾಲು, 8 ಕಾಲಂ. ಉತ್ತರ ಸರಿಯಾಗಿ ಬರುತ್ತದೆ, ಆದರೆ ಕಾದು ಕಾದು ಸಾಕಾಗುತ್ತದೆ. ಪೈಥಾನ್ ನಿಧಾನ ಅಂತಾರಲ್ವಾ, ಸಿ++ನಲ್ಲಿ ಬರೆಯಲಾ?

ಬೇಡ. ಇದಕ್ಕೆ ಎಷ್ಟು ಸಲ ಉತ್ತರ ಬರೆದಿದ್ದೇನೋ ನೆನಪಿಲ್ಲ. ಸೆಲ್‌ಗಳನ್ನು ಒಟ್ಟಿಗೆ ಓದಿ ಅಂತ ಹೇಳುತ್ತೇನೆ, ಅವರು ಹೂಂ ಅಂತಾರೆ, ವಾರ ಬಿಟ್ಟು 'ಆದರೂ ಪೈಥಾನ್ ನಿಧಾನವೇ ಅಲ್ವಾ' ಅಂತ ಮತ್ತೆ ಬರುತ್ತಾರೆ. ಹಾಗಾಗಿ ಈ ಸಲ ಆ ಮಾತನ್ನೇ ಬಿಡಿಸಿ ನೋಡೋಣ.

ಒಂದು ಪರೀಕ್ಷೆ ಮಾಡಿ. ಲೂಪ್‌ನಲ್ಲಿ ಎಕ್ಸೆಲ್ ಮುಟ್ಟುವ ಸಾಲನ್ನು ತೆಗೆದು, ಆ ಜಾಗದಲ್ಲಿ ಸುಮ್ನೆ ಎರಡು ಸಂಖ್ಯೆ ಕೂಡಿಸಿ. 40,000 ಸಲ ಸುತ್ತಲಿ. ಎಂಟರ್ ಒತ್ತಿದ ಬೆರಳು ಎತ್ತುವಷ್ಟರಲ್ಲಿ ಮುಗಿದಿರುತ್ತದೆ. ಭಾಷೆ ಅದೇ, ಸುತ್ತೂ ಅಷ್ಟೇ. ಮತ್ತೆ ಹೊತ್ತು ಹೋಗಿದ್ದೆಲ್ಲಿ?

ದಾರಿಯಲ್ಲಿ. ನೀವು 'ಎಕ್ಸೆಲ್.ಅಪ್ಲಿಕೇಶನ್' ಅಂತ ಹೆಸರು ಕೊಟ್ಟು ಡಿಸ್ಪ್ಯಾಚ್ ಮಾಡಿದಾಗ, ಅಂದರೆ ಎಕ್ಸೆಲ್ ಬೇಕು ಅಂತ ಕೇಳಿದಾಗ, ವಿಂಡೋಸ್ ಆ ಹೆಸರನ್ನು ತನ್ನ ದಾಖಲೆ ಪಟ್ಟಿಯಾದ ರಿಜಿಸ್ಟ್ರಿಯಲ್ಲಿ ಹುಡುಕಿ ಎಕ್ಸೆಲ್ಲನ್ನು ಬೇರೆಯೇ ಪ್ರೋಸೆಸ್ ಆಗಿ, ಅಂದರೆ ಪೈಥಾನ್‌ನಿಂದ ಪ್ರತ್ಯೇಕವಾಗಿ ಓಡುವ ಪ್ರೋಗ್ರಾಂ ಆಗಿ, ಶುರು ಮಾಡುತ್ತದೆ. ನಿಮ್ಮ ವೇರಿಯಬಲ್‌ನಲ್ಲಿ ಇರುವುದು ಎಕ್ಸೆಲ್ ಅಲ್ಲ, ಅದರ ಪ್ರಾಕ್ಸಿ, ಅಂದರೆ ಅದರ ಪರವಾಗಿ ನಿಂತ ಪ್ರತಿನಿಧಿ. ನೀವು ಏನೇ ಕೇಳಿದರೂ ಅದನ್ನು ಪೊಟ್ಟಣ ಕಟ್ಟಿ ಆಚೆ ಕಳಿಸಬೇಕು, ಎಕ್ಸೆಲ್ ಬಿಚ್ಚಿ ನೋಡಬೇಕು, ಉತ್ತರವನ್ನು ಮತ್ತೆ ಕಟ್ಟಿ ಕಳಿಸಬೇಕು. ಈ ಓಡಾಟದ ಕಟ್ಟುಪಾಡಿನ ಹೆಸರು ಕಾಮ್ (COM). ಮೈಕ್ರೋಸಾಫ್ಟ್ 1993ರಲ್ಲಿ ಅದನ್ನು ತಂದದ್ದೇ ಒಂದು ಪ್ರೋಗ್ರಾಂ ಇನ್ನೊಂದರ ಕೈಲಿ ಕೆಲಸ ಮಾಡಿಸಲಿ ಅಂತ. ಆದರೆ ಆ ಓಡಾಟಕ್ಕೆ ಸಮಯ ತೆರಬೇಕು.

ಈಗ ನಿಮ್ಮ ಲೂಪ್ ನೋಡಿ. ಮೊದಲು ಸೆಲ್ ಕೇಳುತ್ತೀರಿ, ಆಮೇಲೆ ಅದರ ವ್ಯಾಲ್ಯೂ. ಅಲ್ಲಿಗೆ ಒಂದು ಸೆಲ್ಲಿಗೆ ಕಡಿಮೆ ಅಂದರೂ ಎರಡು ಓಡಾಟ. 40,000 ಸೆಲ್ಲಿಗೆ 80,000. ಸಿ++ನಲ್ಲಿ ಬೇರೆ ಪ್ರೋಗ್ರಾಂ ಬರೆದು ಇದನ್ನೇ ಮಾಡಿದರೂ ಅಷ್ಟೇ ಸಲ ಅದೇ ದಾರಿ ತುಳಿಯಬೇಕು.

'ವಿಬಿಎನಲ್ಲಿ ಇದೇ ಲೂಪ್ ಬೇಗ ಓಡುತ್ತಲ್ಲ?' ಅಂತ ತಕ್ಷಣ ಕೇಳುತ್ತಾರೆ. ಓಡುತ್ತದೆ, ನಿಜ. ವಿಬಿಎ, ಅಂದರೆ ಎಕ್ಸೆಲ್ ಜೊತೆಗೇ ಬರುವ ಮ್ಯಾಕ್ರೋ ಭಾಷೆ, ಎಕ್ಸೆಲ್‌ನ ಪ್ರೋಸೆಸ್ ಒಳಗೇ ಕೂತಿದೆ, ಅದಕ್ಕೆ ಗಡಿ ದಾಟುವ ಕೆಲಸವೇ ಇಲ್ಲ. ಅಲ್ಲೂ ಬಲ್ಲವರು ಒಂದೊಂದೇ ಸೆಲ್ ಮುಟ್ಟಲ್ಲ, ಇಡೀ ರೇಂಜನ್ನು (ಸೆಲ್‌ಗಳ ಗುಂಪನ್ನು) ಒಂದೇ ಸಲ ಅರೇಗೆ, ಅಂದರೆ ಮೆಮೊರಿಯಲ್ಲಿರುವ ಪಟ್ಟಿಗೆ, ಎತ್ತಿಕೊಳ್ಳುತ್ತಾರೆ.

ನೀವೂ ಅದನ್ನೇ ಮಾಡಿ. ಎ1ರಿಂದ ಎಚ್5000ವರೆಗಿನ ರೇಂಜ್ ಹಿಡಿದು ಅದರ ವ್ಯಾಲ್ಯೂ ಒಂದೇ ಸಲ ಕೇಳಿ. ಸಾಲಿಗೊಂದರಂತೆ ಟೂಪಲ್‌ಗಳು (ಪೈಥಾನ್‌ನ ಬದಲಾಗದ ಪಟ್ಟಿಗಳು), ಅವೆಲ್ಲ ಒಂದು ದೊಡ್ಡ ಟೂಪಲ್ ಒಳಗೆ ಬರುತ್ತವೆ. ಎಕ್ಸೆಲ್‌ನಲ್ಲಿ 1, 1 ಆಗಿದ್ದ ಸೆಲ್ ಇಲ್ಲಿ 0, 0 ಆಗುತ್ತದೆ, ಎಡವಬೇಡಿ. ರೇಂಜ್ ಒಂದೇ ಸೆಲ್ಲಿನದಾದರೆ ಟೂಪಲ್ ಬರಲ್ಲ, ಬರೀ ವ್ಯಾಲ್ಯೂ ಬರುತ್ತದೆ. ಬರೆಯುವಾಗಲೂ ಅಷ್ಟೇ, ಎಲ್ಲ ಕೂಡಿಸಿಟ್ಟುಕೊಂಡು ಒಂದೇ ಸಲ ಇಳಿಸಿ.

ಎಕ್ಸೆಲ್ ಬೇರೆ ಪ್ರೋಸೆಸ್ ಅನ್ನುವುದು ಒಮ್ಮೆ ತಲೆಗೆ ಹೋದರೆ ಇನ್ನೆರಡು ತೊಂದರೆಯೂ ಅರ್ಥವಾಗುತ್ತವೆ. ಪಕ್ಕದಲ್ಲೇ ಇರುವ ಫೈಲ್ ಸಿಗಲ್ಲ ಅಂತ ಎಕ್ಸೆಲ್ ಯಾಕೆ ಹೇಳುತ್ತದೆ? ಬರೀ ಫೈಲ್ ಹೆಸರು ಕೊಟ್ಟರೆ ಅದು ಹುಡುಕುವುದು ತನ್ನ ಫೋಲ್ಡರ್‌ನಲ್ಲಿ, ನಿಮ್ಮ ಸ್ಕ್ರಿಪ್ಟ್‌ನ ಫೋಲ್ಡರ್‌ನಲ್ಲಿ ಅಲ್ಲ. ಡ್ರೈವ್‌ನಿಂದ ಹಿಡಿದು ಪೂರ್ತಿ ಪಾತ್ ಕೊಡಿ.

ಇನ್ನೊಂದು, ಸ್ಕ್ರಿಪ್ಟ್ ಸತ್ತ ಮೇಲೂ ಟಾಸ್ಕ್ ಮ್ಯಾನೇಜರ್‌ನಲ್ಲಿ ಉಳಿಯುವ ಎಕ್ಸೆಲ್. ನಡುವೆ ಎರರ್ ಬಂದು, ಎಕ್ಸೆಲ್ಲನ್ನು ಮುಚ್ಚುವ ಕ್ವಿಟ್ ಅನ್ನುವ ಸಾಲಿಗೆ ಸ್ಕ್ರಿಪ್ಟ್ ತಲುಪದೇ ಇದ್ದಿರಬಹುದು. ಇಲ್ಲವೇ 'ಸೇವ್ ಮಾಡಬೇಕಾ?' ಎಂಬ ಕಿಟಕಿ ನಿಮ್ಮ ಕಣ್ಣಿಗೆ ಬೀಳದೆ ಉತ್ತರಕ್ಕೆ ಕಾಯುತ್ತಿರಬಹುದು. ವರ್ಕ್‌ಬುಕ್ ಮುಚ್ಚುವಾಗ ಸೇವ್ ಬೇಕೋ ಬೇಡವೋ ನೀವೇ ಹೇಳಿಬಿಡಿ, ಕ್ವಿಟ್ಟನ್ನು ಎರರ್ ಬಂದರೂ ಓಡುವ ಫೈನಲಿ ಬ್ಲಾಕ್‌ನಲ್ಲಿಡಿ. ಸ್ಕ್ರಿಪ್ಟ್ ಪಳಗುವವರೆಗೂ ಎಕ್ಸೆಲ್ ಪರದೆಯ ಮೇಲೆ ಕಾಣುವಂತೆ ವಿಸಿಬಲ್ ಟ್ರೂ ಇರಲಿ, ಕಿಟಕಿ ಬಂದರೆ ಎದುರಿಗೇ ಕಾಣುತ್ತದೆ.