ನಾಯಿಗೆ ಅಕ್ಯುಪಂಕ್ಚರ್: ಗುಣವಾಯಿತು ಎಂದು ಹೇಳುವವರು ಯಾರು?

ಪ್ರಶ್ನೆ: ನಮ್ಮ ವಯಸ್ಸಾದ ನಾಯಿಗೆ ಸಂಧಿವಾತ. ಅಕ್ಯುಪಂಕ್ಚರ್ ಮಾಡಿಸಬಹುದೇ? ಸೂಜಿ ನೋಯುವುದಿಲ್ಲವೇ?

ಸೂಜಿಯ ವಿಷಯ ಮೊದಲು ಮುಗಿಸೋಣ. ಲಸಿಕೆಯ ಸೂಜಿ ಟೊಳ್ಳು, ಅದರ ತುದಿ ಓರೆಯಾಗಿ ಕತ್ತರಿಸಿದ್ದು. ಅಕ್ಯುಪಂಕ್ಚರ್ ಸೂಜಿಯಲ್ಲಿ ಔಷಧವೂ ಇಲ್ಲ, ರಂಧ್ರವೂ ಇಲ್ಲ. ದಪ್ಪ ಸುಮಾರು ಕಾಲು ಮಿಲಿಮೀಟರ್. ಚುಚ್ಚಿದ ಕ್ಷಣ ಚರ್ಮ ಸ್ವಲ್ಪ ಅದುರಬಹುದು. ಆಮೇಲೆ ಎಷ್ಟೋ ನಾಯಿಗಳು ಮಲಗಿ ತೂಕಡಿಸುತ್ತವೆ.

ಮಾಡಿಸಬಹುದೇ ಎಂದರೆ, ತರಬೇತಿ ಪಡೆದ ಪಶುವೈದ್ಯರಿಂದ, ನಡೆಯುತ್ತಿರುವ ಚಿಕಿತ್ಸೆಯ ಜೊತೆಗೆ, ಧಾರಾಳವಾಗಿ ಮಾಡಿಸಬಹುದು. ನೋವಿನ ಮಾತ್ರೆಯನ್ನು ನೀವೇ ನಿಲ್ಲಿಸಬೇಡಿ. ಹಿಂಗಾಲು ಇದ್ದಕ್ಕಿದ್ದಂತೆ ಸೋತರೆ ಅಥವಾ ಮೂತ್ರ ಕಟ್ಟಿದರೆ ಅದು ತುರ್ತು ಸ್ಥಿತಿ, ಆಗ ಸೂಜಿಗಾಗಿ ಕಾಯುವಂತಿಲ್ಲ. ಪಶುವೈದ್ಯದಲ್ಲಿ ಅಕ್ಯುಪಂಕ್ಚರ್ ಕುರಿತ ಪ್ರಯೋಗಗಳನ್ನೆಲ್ಲ ಜಾಲಾಡಿದ 2006ರ ಒಂದು ವಿಮರ್ಶೆ, ಅದನ್ನು ಶಿಫಾರಸು ಮಾಡುವುದಕ್ಕಾಗಲೀ ತಳ್ಳಿಹಾಕುವುದಕ್ಕಾಗಲೀ ಗಟ್ಟಿ ಪುರಾವೆ ಇಲ್ಲವೆಂದು ಹೇಳಿತು.

ಇಷ್ಟು ಹೇಳಿದ ಕೂಡಲೇ ಆ ವಾದ ಬಂದೇ ಬರುತ್ತದೆ: "ಔಷಧವೇ ಇಲ್ಲದ ಹುಸಿಮಾತ್ರೆಯಿಂದಲೂ ನಂಬಿಕೆಯ ಬಲದಿಂದ ಗುಣ ಕಾಣುವ ಪ್ಲಸೀಬೊ ಎಲ್ಲ ಮನುಷ್ಯರಿಗೆ. ನಾಯಿಗೆ ನಂಬಿಕೆ ಎಲ್ಲಿದೆ? ಅದು ಚೇತರಿಸಿಕೊಂಡಿತೆಂದರೆ ಸೂಜಿಯಿಂದಲೇ." ಎಷ್ಟು ಸಲ ಅಲ್ಲಗಳೆದರೂ ಇದು ಸಾಯುವುದಿಲ್ಲ.

ಚೇತರಿಸಿಕೊಂಡಿತು ಎಂದು ಹೇಳುವವರು ಯಾರು? ನಾಯಿಯಲ್ಲ, ನೀವು. 2012ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಸಂಧಿವಾತದಿಂದ ಕುಂಟುತ್ತಿದ್ದ, ಹುಸಿಮಾತ್ರೆ ಮಾತ್ರ ಪಡೆದ ನಾಯಿಗಳನ್ನು ಹೆಜ್ಜೆಯ ಒತ್ತಡ ಅಳೆಯುವ ಫಲಕದ ಮೇಲೆ ನಡೆಸಿದರು. ಫಲಕ ಸುಧಾರಣೆ ತೋರಿಸದಿದ್ದಾಗಲೂ ಅನೇಕ ಮಾಲೀಕರಿಗೆ ಕುಂಟು ಕಡಿಮೆಯಾದಂತೆ ಕಂಡಿತು. ಪರೀಕ್ಷಿಸಿದ ಪಶುವೈದ್ಯರಿಗೂ ಹಾಗೆಯೇ ಕಂಡಿತು! ಪ್ರೀತಿಯಿಂದ ನೋಡುವ ಕಣ್ಣಿಗೆ ಆಗುವ ಮೋಸ ಇದು, ಯಾರ ತಪ್ಪೂ ಅಲ್ಲ.

ಇನ್ನು, ಸಂಧಿವಾತದ ನೋವು ಏರಿಳಿಯುತ್ತಲೇ ಇರುತ್ತದೆ. ನೋವು ತೀರಾ ಹೆಚ್ಚಾದಾಗಲೇ ನೀವು ವೈದ್ಯರ ಬಳಿಗೆ ಓಡುತ್ತೀರಿ. ಮುಂದಿನ ವಾರ ಅದು ತಾನಾಗಿಯೇ ಇಳಿದರೂ ಕೀರ್ತಿ ಸೂಜಿಗೆ ಸಲ್ಲುತ್ತದೆ. ನಂಬಿಕೆಯೇ ಇಲ್ಲದ ದೇಹವೂ ಕಲಿಯಬಲ್ಲದು ಎಂಬುದೂ ಹಳೆಯ ಸಂಗತಿ. ಮಾರ್ಫಿನ್ ಚುಚ್ಚಿದರೆ ನಾಯಿಗೆ ಜೊಲ್ಲು, ವಾಂತಿ ಬರುತ್ತದೆ; ಮತ್ತೆ ಮತ್ತೆ ಅದನ್ನು ಚುಚ್ಚಿಸಿಕೊಂಡ ನಾಯಿಗಳು ಚುಚ್ಚುಮದ್ದಿನ ಸಿದ್ಧತೆ ಕಂಡ ಮಾತ್ರಕ್ಕೇ ಜೊಲ್ಲು ಸುರಿಸಿ ವಾಂತಿ ಮಾಡುತ್ತಿದ್ದುದನ್ನು ರಷ್ಯದ ಶರೀರವಿಜ್ಞಾನಿ ಪಾವ್ಲೋವ್ ದಾಖಲಿಸಿದ್ದಾರೆ.

ಹಾಗೆಂದು ಅಕ್ಯುಪಂಕ್ಚರ್ ಸುಳ್ಳು ಎಂದು ನಾನು ಹೇಳುತ್ತಿಲ್ಲ. ಸೂಜಿ ನರಗಳನ್ನು ಕೆಣಕುತ್ತದೆ, ನೋವು ತಗ್ಗಿಸುವ ಎಂಡಾರ್ಫಿನ್ ಬಿಡುಗಡೆಯಾಗುತ್ತದೆ ಎಂಬುದಕ್ಕೆ ಪ್ರಯೋಗಾಲಯದ ಆಧಾರವಿದೆ. ನಿಮ್ಮ ನಾಯಿಗೆ ಅದರಿಂದ ಎಷ್ಟು ಲಾಭವಾಯಿತು ಎಂಬುದೇ ಬೇರೆ ಪ್ರಶ್ನೆ. ಅದನ್ನು ತಿಳಿಯಲು ಚಿಕಿತ್ಸೆಗೆ ಮೊದಲೇ ನಾಯಿಯ ನಡಿಗೆಯನ್ನು ಪಕ್ಕದಿಂದಲೂ ಹಿಂದಿನಿಂದಲೂ ಮೊಬೈಲಿನಲ್ಲಿ ಚಿತ್ರೀಕರಿಸಿ. ಕೆಲವು ವಾರಗಳ ನಂತರ ಅದೇ ನೆಲದ ಮೇಲೆ, ಅದೇ ಹೊತ್ತಿನಲ್ಲಿ ಮತ್ತೆ ಚಿತ್ರೀಕರಿಸಿ. ಯಾವುದು ಮೊದಲಿನದು ಎಂದು ಹೇಳದೆ ಎರಡನ್ನೂ ಬೇರೊಬ್ಬರಿಗೆ ತೋರಿಸಿ.

ಬೆಕ್ಕಿನ ಬಗ್ಗೆ ಯಾರೂ ಕೇಳುವುದಿಲ್ಲ, ಏಕೆಂದರೆ ಬೆಕ್ಕು ಕುಂಟುವುದೇ ಅಪರೂಪ. ಸಂಧಿವಾತವಿರುವ ಬೆಕ್ಕು ಕಿಟಕಿಗೆ ಹಾರುವುದನ್ನು ಬಿಡುತ್ತದೆ, ಇಲ್ಲವೇ ನಡುವೆ ಕುರ್ಚಿಯ ಮೇಲೆ ನಿಂತು ಎರಡು ನೆಗೆತಕ್ಕೆ ಏರುತ್ತದೆ. ತಿರುಗಿ ನೆಕ್ಕಿಕೊಳ್ಳಲಾಗದೆ ಸೊಂಟದ ಮೇಲಿನ ಕೂದಲು ಗಂಟುಗಟ್ಟುತ್ತದೆ. ವಯಸ್ಸಾಯಿತೆಂದು ಸುಮ್ಮನಾಗದೆ ಅದನ್ನೂ ವೈದ್ಯರಿಗೆ ತೋರಿಸಿ.