ಆ ಉಪ್ಪುನೀರಿನಲ್ಲಿ ಸಿಕ್ಕಿದ್ದು ಅಲ್ಲಿನದಾ, ನಮ್ಮದಾ?

ಉಪ್ಪುನೀರಿನ ಮಂಜುಗಡ್ಡೆಯಲ್ಲಿ ಕಾರ್ಬನ್ ಇರುವ ಅಣುಗಳನ್ನು ಹುಡುಕುವುದು ನನ್ನ ಕೆಲಸ. ಗುರು ಮತ್ತು ಶನಿಯ ಹಿಮಚಂದ್ರರ ಹತ್ತಿರ ಹೋಗುವ ಉಪಕರಣಗಳಿಗೆ ಅಲ್ಲಿ ಏನೇನು ಕಾಣಬಹುದು ಎಂಬುದನ್ನು ಇಲ್ಲಿ ಲ್ಯಾಬಿನಲ್ಲಿ ಮೊದಲೇ ಮಾಡಿ ನೋಡುತ್ತೇವೆ. ಈ ಕೆಲಸ ಅಂದ ಕೂಡಲೇ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಅಲ್ಲಿ ಜೀವ ಇದೆಯಾ?" ನಾವು ದಿನವಿಡೀ ಕೇಳಿಕೊಳ್ಳುವ ಪ್ರಶ್ನೆ ಬೇರೆ. ಈಗ ಕಾಣ್ತಿರೋದು ನಿಜವಾಗಿ ಸ್ಯಾಂಪಲ್‌ನಿಂದ ಬಂದಿದ್ದಾ, ಇಲ್ಲಾ ನಮ್ಮ ಕೈಯಿಂದ ಬಂದಿದ್ದಾ? ಇದನ್ನು ದಾಟದೆ ಮೊದಲನೆಯ ಪ್ರಶ್ನೆಯ ಹತ್ತಿರವೂ ಹೋಗೋಕಾಗಲ್ಲ.

ಕೆಲಸಕ್ಕೆ ಸೇರಿದ ಹೊಸತರಲ್ಲಿ ಆದದ್ದು ಹೇಳುತ್ತೇನೆ. ಸಮುದ್ರದ ನೀರಿನಷ್ಟೇ ಉಪ್ಪಾದ ನೀರು ಮಾಡಿ, ಅದಕ್ಕೆ ತೀರಾ ಕಡಿಮೆ ಪ್ರಮಾಣದಲ್ಲಿ ಬ್ಯಾಕ್ಟೀರಿಯಾ ಸೇರಿಸಿ, ಹೆಪ್ಪುಗಟ್ಟಿಸಿ, ಮತ್ತೆ ಕರಗಿಸಿ, ಮಾಸ್ ಸ್ಪೆಕ್ಟ್ರೋಮೀಟರಿಗೆ ಬಿಟ್ಟಿದ್ದೆ. ಈ ಯಂತ್ರ ಮಾಡುವುದು ಇಷ್ಟೇ. ಅಣುಗಳಿಗೆ ವಿದ್ಯುತ್ ಆವೇಶ ಕೊಟ್ಟು, ತೂಕದ ಪ್ರಕಾರ ಬೇರೆ ಮಾಡಿ, ಯಾವ ತೂಕದ್ದು ಎಷ್ಟಿದೆ ಎಂದು ಗೆರೆಗಳಾಗಿ ತೋರಿಸುತ್ತದೆ. ಆವತ್ತು ಪರದೆಯ ಮೇಲೆ 255ರಲ್ಲಿ ಒಂದು ಗೆರೆ ಎದ್ದಿತು, 283ರಲ್ಲಿ ಇನ್ನೊಂದು. ಒಂದು ಪಾಲ್ಮಿಟಿಕ್ ಆಮ್ಲ, 16 ಕಾರ್ಬನ್‌ಗಳದ್ದು. ಇನ್ನೊಂದು ಸ್ಟಿಯರಿಕ್ ಆಮ್ಲ, 18 ಕಾರ್ಬನ್‌ಗಳದ್ದು. ಜೀವಕೋಶದ ಹೊರಪೊರೆಯಲ್ಲಿರುವ ಕೊಬ್ಬಿನ ಆಮ್ಲಗಳು. ಅಷ್ಟು ಕಡಿಮೆ ಬ್ಯಾಕ್ಟೀರಿಯಾ ಇದ್ದರೂ ಸಿಕ್ಕಿಬಿಟ್ಟಿತಲ್ಲ ಎಂದು ಖುಷಿಯಾಗಿದ್ದೆ.

ಆಮೇಲೆ ಬ್ಲಾಂಕ್ ಓಡಿಸಿದೆ. ಬ್ಲಾಂಕ್ ಅಂದರೆ ಏನೂ ಸೇರಿಸದ ಬರೀ ಉಪ್ಪುನೀರು. ಅದನ್ನೂ ಅದೇ ಸೀಸೆ, ಅದೇ ದ್ರಾವಕ, ಅದೇ ಕೈಗಳ ಮೂಲಕ ಸ್ಯಾಂಪಲ್‌ನಂತೆಯೇ ಹಾಯಿಸಬೇಕು. ಅದರಲ್ಲೂ 255 ಮತ್ತು 283. ಹೆಚ್ಚು ಕಡಿಮೆ ಅಷ್ಟೇ ಎತ್ತರ.

ಮೂರು ವಾರ ಹುಡುಕಿದೆ. ದ್ರಾವಕ ಬದಲಾಯಿಸಿದೆ. ಗಾಜಿನ ಸೀಸೆಗಳನ್ನು 450 ಡಿಗ್ರಿಯಲ್ಲಿ ರಾತ್ರಿಯಿಡೀ ಸುಟ್ಟೆ. ಉಪ್ಪನ್ನೂ ಸುಟ್ಟೆ. ಗೆರೆಗಳು ಜಗ್ಗಲಿಲ್ಲ. ಕೊನೆಗೆ ಸಿಕ್ಕಿದ್ದು ಕೈಗವಸಿನಲ್ಲಿ. ಸ್ವಚ್ಛವಾಗಿರಲಿ ಅಂತಲೇ ಹಾಕಿಕೊಂಡ ನೈಟ್ರೈಲ್ ಕೈಗವಸು. ಅಚ್ಚಿನಿಂದ ಸಲೀಸಾಗಿ ಬಿಡಿಸೋಕೆ ಅಂತ ತಯಾರಿಸುವಾಗ ಅದಕ್ಕೆ ಸ್ಟಿಯರೇಟ್, ಅಂದರೆ ಸ್ಟಿಯರಿಕ್ ಆಮ್ಲದ ಲವಣ, ಬಳಸುತ್ತಾರೆ. ಪೇಟೆಯಲ್ಲಿ ಸಿಗುವ ಸ್ಟಿಯರಿಕ್ ಆಮ್ಲದಲ್ಲಿ ಪಾಲ್ಮಿಟಿಕ್ ಆಮ್ಲವೂ ಬೆರೆತಿರುತ್ತದೆ. ಸೀಸೆಯ ಬಾಯಿಗೆ ನನ್ನ ಬೆರಳು ತಾಗುತ್ತಿತ್ತು, ಅಷ್ಟೇ.

ಇದು ಯಾಕೆ ಇಷ್ಟು ತೊಡಕಿನ ವಿಷಯ ಅಂದರೆ, ಹಿಮಚಂದ್ರರ ನೀರಿನಲ್ಲಿ ನಾವು ಹುಡುಕಬೇಕೆಂದಿರುವುದೂ ಇದನ್ನೇ. ಜೀವಕೋಶ ಕೊಬ್ಬಿನ ಸರಪಳಿಯನ್ನು ಹೆಣೆಯುವಾಗ ಸಾಮಾನ್ಯವಾಗಿ ಎರಡೆರಡು ಕಾರ್ಬನ್ ಸೇರಿಸುತ್ತಾ ಹೋಗುತ್ತದೆ. ಹಾಗಾಗಿ 14, 16, 18 ಹೀಗೆ ಸಮಸಂಖ್ಯೆಯವು ಜಾಸ್ತಿ, ಮಧ್ಯದ 15, 17 ಕಡಿಮೆ. ಜೀವವಿಲ್ಲದೆ ಬಿಸಿ ಕಲ್ಲಿನ ಮೇಲೆ ತಾನಾಗಿ ನಡೆಯುವ ರಸಾಯನಕ್ಕೆ ಈ ಲೆಕ್ಕ ಇಲ್ಲ. ಅದು ಒಂದೊಂದೇ ಕಾರ್ಬನ್ ಸೇರಿಸುತ್ತದೆ, ಸರಪಳಿ ಉದ್ದವಾದಷ್ಟೂ ಪ್ರಮಾಣ ನಿಧಾನಕ್ಕೆ ಇಳಿಯುತ್ತಾ ಹೋಗುತ್ತದೆ. 16 ಮತ್ತು 18 ಎತ್ತರಕ್ಕೆ ನಿಂತು 17 ತಗ್ಗಿದ್ದರೆ ಅಲ್ಲಿ ಯಾರೋ ಹೆಣೆದಿದ್ದಾರೆ ಎಂದರ್ಥ. ಕೈಗವಸಿನ ಸ್ಟಿಯರೇಟ್ ಕೂಡ ಗಿಡದ ಅಥವಾ ಪ್ರಾಣಿಯ ಕೊಬ್ಬಿನಿಂದ ಬಂದಿದ್ದು, ಹಾಗಾಗಿ ಅದೂ ಹಾಗೇ ಕಾಣುತ್ತದೆ. ಭೂಮಿಯ ಜೀವ ನಾವು ಮುಟ್ಟಿದ ಪ್ರತಿ ವಸ್ತುವಿನ ಮೇಲೂ ಕೂತಿದೆ.

ಈಗ ಆ ಸಾಗರಗಳ ವಿಷಯ. ಗುರುವಿನ ಯುರೋಪಾ ನಮ್ಮ ಚಂದ್ರನಿಗಿಂತ ಸ್ವಲ್ಪ ಚಿಕ್ಕದು. ಮೇಲೆಲ್ಲ ಮಂಜುಗಡ್ಡೆ. ಅದರ ಕೆಳಗೆ ನೀರಿದೆ ಎಂದು ಯಾರೂ ಇಣುಕಿ ನೋಡಿಲ್ಲ, ಆದರೂ ಸಾಕಷ್ಟು ಧೈರ್ಯವಾಗಿ ಹೇಳುತ್ತೇವೆ. ಗುರುವಿನ ಕಾಂತಕ್ಷೇತ್ರ ಸುಮಾರು 10 ಡಿಗ್ರಿ ವಾಲಿಕೊಂಡಿದೆ, ಗುರು ತಿರುಗಿದಂತೆ ಯುರೋಪಾದ ಮೇಲೆ ಆ ಕ್ಷೇತ್ರ ಸುಮಾರು 11 ಗಂಟೆಗೊಮ್ಮೆ ದಿಕ್ಕು ಬದಲಿಸುತ್ತದೆ. ಗುರುವನ್ನು ಸುತ್ತಿದ ಗೆಲಿಲಿಯೋ ನೌಕೆಯ ಮ್ಯಾಗ್ನೆಟೋಮೀಟರ್, ಅಂದರೆ ಕಾಂತಕ್ಷೇತ್ರ ಅಳೆಯುವ ಉಪಕರಣ, ನೋಡಿದಾಗ ಯುರೋಪಾ ಅದಕ್ಕೆ ಎದುರಾಗಿ ತನ್ನದೇ ಒಂದು ಕ್ಷೇತ್ರವನ್ನು ಹುಟ್ಟಿಸುತ್ತಿತ್ತು. 2000ದ ಜನವರಿಯ ಹಾರಾಟದಲ್ಲಿ ಅದು ಇನ್ನಷ್ಟು ಖಚಿತವಾಯಿತು. ಹಾಗಾಗಬೇಕಾದರೆ ಒಳಗೆ, ಮೇಲ್ಮೈಗೆ ಹತ್ತಿರವಾಗಿ, ವಿದ್ಯುತ್ ಹರಿಯುವ ಪದರ ಇರಬೇಕು. ಮಂಜುಗಡ್ಡೆಯಲ್ಲಿ ಹರಿಯಲ್ಲ, ಉಪ್ಪುನೀರಿನಲ್ಲಿ ಹರಿಯುತ್ತದೆ. ಅಂದಾಜಿನ ಪ್ರಕಾರ ಭೂಮಿಯ ಎಲ್ಲ ಸಾಗರಗಳ ಎರಡರಷ್ಟು ನೀರು ಅಲ್ಲಿದೆ.

ಶನಿಯ ಎನ್ಸೆಲಾಡಸ್ ಇನ್ನೂ ಉಪಕಾರಿ. ಅಡ್ಡಳತೆ ಬರೀ 500 ಕಿ.ಮೀ. ಅದರ ದಕ್ಷಿಣ ಧ್ರುವದಲ್ಲಿ ನಾಲ್ಕು ಉದ್ದುದ್ದ ಬಿರುಕುಗಳಿವೆ, ಅವುಗಳಿಂದ ಒಳಗಿನ ಸಾಗರದ ನೀರು ಆವಿಯಾಗಿ, ಹಿಮದ ಕಣಗಳಾಗಿ ಹೊರಗೆ ಚಿಮ್ಮುತ್ತಲೇ ಇದೆ. ಕೊರೆಯುವುದೇ ಬೇಡ! ಕ್ಯಾಸಿನಿ ನೌಕೆ 2005ರಲ್ಲಿ ಈ ಚಿಲುಮೆಯನ್ನು ಕಂಡಿತು, ಆಮೇಲೆ ಅದರೊಳಗೇ ಹಲವು ಸಲ ಹಾದು ಹೋಯಿತು. ಕಣಗಳಲ್ಲಿ ಅಡುಗೆ ಉಪ್ಪು ಸಿಕ್ಕಿತು. ಸಿಲಿಕಾದ ಅತಿ ಸಣ್ಣ ಚೂರುಗಳು ಸಿಕ್ಕವು, ಅವು ಆಗಬೇಕಾದರೆ ಸಾಗರದ ತಳದಲ್ಲಿ ನೀರು ಸುಮಾರು 90 ಡಿಗ್ರಿಯಷ್ಟು ಬಿಸಿ ಇರಬೇಕು. 2018ರಲ್ಲಿ ದೊಡ್ಡ ದೊಡ್ಡ ಕಾರ್ಬನ್ ಅಣುಗಳು, 2023ರಲ್ಲಿ ಫಾಸ್ಫೇಟ್. ಜೀವಕ್ಕೆ ಫಾಸ್ಫರಸ್ ಎಲ್ಲಿಂದ ಎಂಬ ದೊಡ್ಡ ಅನುಮಾನ ಅಲ್ಲಿಗೆ ಕಳೆಯಿತು.

ಇದೆಲ್ಲದರಲ್ಲಿ ನಾನು ವಿದ್ಯಾರ್ಥಿಗಳಿಗೆ ಮೊದಲು ಹೇಳುವುದು ಹೈಡ್ರೋಜನ್‌ನ ಕಥೆ. ಕ್ಯಾಸಿನಿಯ ಮಾಸ್ ಸ್ಪೆಕ್ಟ್ರೋಮೀಟರಿನಲ್ಲಿ ಅನಿಲ ಒಳಗೆ ಬರೋಕೆ ಎರಡು ದಾರಿ ಇದ್ದವು. ಒಂದು ಮುಚ್ಚಿದ ಕೋಣೆ. ಅನಿಲ ಅಲ್ಲಿ ಗೋಡೆಗಳಿಗೆ ಬಡಿದು, ವೇಗ ಕಳೆದುಕೊಂಡು, ಸೇರಿಕೊಂಡು, ಆಮೇಲೆ ಅಳತೆಗೆ ಹೋಗುತ್ತದೆ. ಅದರಿಂದ ಗೆರೆಗಳು ಚೆನ್ನಾಗಿ ಎತ್ತರ ಬರುತ್ತವೆ. ಮೊದಲ ಹಾರಾಟಗಳಲ್ಲಿ ಹೀಗೆ ಅಳೆದಾಗ ಹೈಡ್ರೋಜನ್ ಕಾಣಿಸಿತ್ತು. ಆದರೆ ಆ ಕೋಣೆಯ ಗೋಡೆ ಟೈಟಾನಿಯಂದು. ಸೆಕೆಂಡಿಗೆ ಎಷ್ಟೋ ಕಿಲೋಮೀಟರ್ ವೇಗದಲ್ಲಿ ಹಿಮದ ಕಣ ಬಂದು ಬಡಿದಾಗ ಗೋಡೆಯ ಮೇಲ್ಪದರ ಕಿತ್ತು ಹೊಸ ಟೈಟಾನಿಯಂ ತೆರೆದುಕೊಳ್ಳುತ್ತದೆ, ಅದು ನೀರಿನ ಜೊತೆ ಕೂಡಿ ಹೈಡ್ರೋಜನ್ ಬಿಡುತ್ತದೆ. ಅಂದರೆ ಹೈಡ್ರೋಜನ್ ಎನ್ಸೆಲಾಡಸ್‌ನದಾ, ಉಪಕರಣದ್ದಾ?

ತಂಡದವರು ಇದನ್ನು ಮುಚ್ಚಿಡಲಿಲ್ಲ, ಆತುರವನ್ನೂ ಪಡಲಿಲ್ಲ. 2015ರ ಅಕ್ಟೋಬರ್ 28ರಂದು ನೌಕೆ ಮೇಲ್ಮೈಯಿಂದ ಬರೀ 49 ಕಿ.ಮೀ. ಎತ್ತರದಲ್ಲಿ ಚಿಲುಮೆಯೊಳಗೆ ಹಾದಾಗ ಎರಡನೆಯ ದಾರಿಯನ್ನು ಬಳಸಿದರು. ಅದು ತೆರೆದ ದಾರಿ, ಅನಿಲ ಗೋಡೆಗೆ ತಾಗದೆ ನೇರವಾಗಿ ಅಳತೆಗೆ ಬರುತ್ತದೆ. ಸಿಗ್ನಲ್ ತುಂಬಾ ದುರ್ಬಲ, ಆದರೆ ಶುದ್ಧ. ಅದರಲ್ಲೂ ಹೈಡ್ರೋಜನ್ ಇತ್ತು. ಚಿಲುಮೆಯ ಅನಿಲದಲ್ಲಿ ಶೇ. 0.4ರಿಂದ 1.4ರಷ್ಟು. 2017ರಲ್ಲಿ ಅದನ್ನು ಪ್ರಕಟಿಸಿದರು. ಇಡೀ ಕ್ಯಾಸಿನಿ ಯಾನದಲ್ಲಿ ನನಗೆ ಅತಿ ಹೆಚ್ಚು ಗೌರವ ಇರುವುದು ಈ ಅಳತೆಯ ಬಗ್ಗೆ.

ಹೈಡ್ರೋಜನ್ ಯಾಕೆ ಮುಖ್ಯ ಅಂದರೆ ಅದು ಊಟ. ಹೈಡ್ರೋಜನ್ ಮತ್ತು ಕಾರ್ಬನ್ ಡೈಆಕ್ಸೈಡ್ ಕೂಡಿಸಿ ಮೀಥೇನ್ ಮಾಡಿ ಬದುಕುವ ಸೂಕ್ಷ್ಮಜೀವಿಗಳು ಭೂಮಿಯಲ್ಲಿ ಬೇಕಾದಷ್ಟಿವೆ, ಅವಕ್ಕೆ ಬಿಸಿಲು ಬೇಡ. ಆದರೆ ಇದೇ ಮಾಹಿತಿಯನ್ನು ಇನ್ನೊಂದು ಕಡೆಯಿಂದಲೂ ನೋಡಬೇಕು. ಬಡಿಸಿದ ಊಟ ಇಷ್ಟೊಂದು ಮಿಕ್ಕಿದೆ ಅಂದರೆ ಉಣ್ಣುವವರು ಯಾರೂ ಇಲ್ಲವೇ? ಇಲ್ಲದೇ ಇರಬಹುದು, ಇದ್ದರೂ ಕಡಿಮೆ ಇರಬಹುದು, ಬೇರೆ ಯಾವುದೋ ಕೊರತೆ ಅವರನ್ನು ತಡೆದಿರಬಹುದು. ಹೈಡ್ರೋಜನ್ ಒಂದರಿಂದಲೇ ತೀರ್ಪು ಹೇಳೋಕೆ ನನಗೆ ಮನಸ್ಸಿಲ್ಲ.

ಹೊರಗಿನದು ಸೇರಿಕೊಂಡಿದೆ ಎಂದುಕೊಳ್ಳುವುದರಲ್ಲೂ ತಪ್ಪಾಗಬಹುದು. 1976ರಲ್ಲಿ ಮಂಗಳದಲ್ಲಿ ಇಳಿದ ವೈಕಿಂಗ್ ನೌಕೆಗಳು ಮಣ್ಣು ಕಾಯಿಸಿ ನೋಡಿದಾಗ ಕ್ಲೋರಿನ್ ಸೇರಿದ ಪುಟ್ಟ ಕಾರ್ಬನ್ ಅಣುಗಳು ಕಂಡವು. ಉಪಕರಣ ತೊಳೆದ ದ್ರಾವಕದ ಉಳಿಕೆ ಇರಬೇಕು ಎಂದು ಬದಿಗಿಟ್ಟರು. 2008ರಲ್ಲಿ ಫೀನಿಕ್ಸ್ ನೌಕೆ ಮಂಗಳದ ಮಣ್ಣಿನಲ್ಲಿ ಪರ್ಕ್ಲೋರೇಟ್ ಎಂಬ ಉಪ್ಪನ್ನು ಕಂಡುಹಿಡಿಯಿತು. ಅದು ಇರುವ ಮಣ್ಣನ್ನು ಕಾಯಿಸಿದರೆ ಒಳಗಿನ ಕಾರ್ಬನ್ ಅಣುಗಳು ಸುಟ್ಟು ಅಂಥದ್ದೇ ಕ್ಲೋರಿನ್ ಅಣುಗಳಾಗುತ್ತವೆ. ಮೂರು ದಶಕ "ನಮ್ಮದು" ಎಂದು ಎತ್ತಿಟ್ಟಿದ್ದು ಬಹುಶಃ ಮಂಗಳದ್ದೇ ಆಗಿತ್ತು, ಆ ಚರ್ಚೆ ಇನ್ನೂ ನಡೆದೇ ಇದೆ. ನಮ್ಮಲ್ಲಿ ಏನಿತ್ತು, ಎಷ್ಟಿತ್ತು ಎಂಬ ಲೆಕ್ಕ ಗಟ್ಟಿಯಾಗಿದ್ದರೆ ಮಾತ್ರ ಎರಡೂ ಕಡೆಯ ತಪ್ಪು ತಪ್ಪುತ್ತದೆ.

ಅಂಟಾರ್ಕ್ಟಿಕಾದ ಎರಡು ಸರೋವರಗಳಲ್ಲಿ ಇದನ್ನು ಕಣ್ಣಾರೆ ನೋಡಬಹುದು. ವೋಸ್ಟಾಕ್ ಸರೋವರದ ಮೇಲಿನ ಸುಮಾರು 3,770 ಮೀಟರ್ ಮಂಜುಗಡ್ಡೆಯನ್ನು ಕೊರೆದು 2012ರಲ್ಲಿ ನೀರು ಮುಟ್ಟಿದರು. ರಂಧ್ರ ಮುಚ್ಚಿಕೊಳ್ಳದಿರಲಿ ಎಂದು ಅದರ ತುಂಬ ಸೀಮೆಎಣ್ಣೆಯಂಥ ದ್ರವ ತುಂಬಿಸಿದ್ದರು. ಆ ದ್ರವದಲ್ಲೂ ಬ್ಯಾಕ್ಟೀರಿಯಾ. ಮೇಲೆ ಬಂದ ಸ್ಯಾಂಪಲ್‌ನಲ್ಲಿ ಸರೋವರದ್ದು ಯಾವುದು, ದ್ರವದ್ದು ಯಾವುದು ಎಂದು ಬಿಡಿಸುವುದೇ ದೊಡ್ಡ ಜಗಳವಾಯಿತು. ಮರುವರ್ಷ ಜನವರಿಯಲ್ಲಿ ಇನ್ನೊಂದು ತಂಡ ವಿಲನ್ಸ್ ಎಂಬ ಸರೋವರಕ್ಕೆ ಸುಮಾರು 800 ಮೀಟರ್ ಇಳಿಯಿತು. ಕೊರೆದಿದ್ದು ಬಿಸಿನೀರಿನಿಂದ. ಆ ನೀರನ್ನು ಸೋಸಿ, ನೇರಳಾತೀತ ಬೆಳಕಿಗೆ ಹಿಡಿದು, ಒಳಗೆ ಇಳಿಸುವ ಸಾಮಾನುಗಳನ್ನು ಹೈಡ್ರೋಜನ್ ಪೆರಾಕ್ಸೈಡಿನಲ್ಲಿ ತೊಳೆದು, ಕೊರೆಯುವ ನೀರಿನಲ್ಲೇ ಎಷ್ಟು ಜೀವಕೋಶ ಇವೆ ಎಂದು ಎಣಿಸಿಟ್ಟುಕೊಂಡಿದ್ದರು. ಸರೋವರದ ಪ್ರತಿ ಮಿಲಿಲೀಟರ್‌ನಲ್ಲಿ ಸುಮಾರು 1,30,000 ಕೋಶಗಳಿವೆ ಎಂದು ಅವರು ಹೇಳಿದಾಗ ಜನ ಒಪ್ಪಿದರು. ಬ್ಲಾಂಕ್ ಗಟ್ಟಿಯಿತ್ತು.

ಸರಿ, ಸಿಕ್ಕಿದ್ದು ನಮ್ಮದಲ್ಲ ಎಂದು ಖಚಿತವಾಯಿತು ಎಂದುಕೊಳ್ಳಿ. ಆಗಲೂ ಅದು ಜೀವ ಎಂದಾಗುವುದಿಲ್ಲ ಅಲ್ವಾ? ಸುದ್ದಿಯಲ್ಲಿ "ಅಮೈನೋ ಆಮ್ಲ ಪತ್ತೆ" ಎಂದು ಬಂದರೆ ಸ್ವಲ್ಪ ತಾಳಿ. ಅಮೈನೋ ಆಮ್ಲ ಅಂದರೆ ಪ್ರೋಟೀನ್ ಕಟ್ಟುವ ಇಟ್ಟಿಗೆಗಳು. 1969ರಲ್ಲಿ ಆಸ್ಟ್ರೇಲಿಯಾದಲ್ಲಿ ಬಿದ್ದ ಮರ್ಚಿಸನ್ ಉಲ್ಕಾಶಿಲೆಯಲ್ಲಿ 70ಕ್ಕೂ ಜಾಸ್ತಿ ಬಗೆಯ ಅಮೈನೋ ಆಮ್ಲಗಳಿವೆ, ಅವುಗಳನ್ನು ಯಾವ ಜೀವವೂ ಮಾಡಿದ್ದಲ್ಲ. ನಾನಾದರೆ ಮೊದಲು ನೋಡುವುದು ಪ್ರಮಾಣಗಳನ್ನು. ತಾನಾಗಿ ಆದ ರಸಾಯನದಲ್ಲಿ ಎಲ್ಲಕ್ಕಿಂತ ಸರಳವಾದ ಗ್ಲೈಸಿನ್ ಜಾಸ್ತಿ, ತೊಡಕಿನವು ಕಡಿಮೆ. ಜೀವ ಹಾಗಲ್ಲ, ಮಾಡೋಕೆ ಕಷ್ಟವಾದರೂ ತನಗೆ ಬೇಕಾದ್ದನ್ನೇ ಆರಿಸಿ ಮಾಡಿಕೊಳ್ಳುತ್ತದೆ. ಆಮೇಲೆ ಎಡ-ಬಲ. ಹೆಚ್ಚಿನ ಅಮೈನೋ ಆಮ್ಲಗಳು ನಮ್ಮ ಎರಡು ಕೈಗಳ ಹಾಗೆ ಎರಡು ರೂಪದಲ್ಲಿರುತ್ತವೆ, ಭೂಮಿಯ ಜೀವ ತನ್ನ ಪ್ರೋಟೀನ್‌ಗಳಿಗೆ ಎಡದ್ದನ್ನೇ ಬಳಸುತ್ತದೆ. ಅಲ್ಲಿ ಬಲದ್ದೇ ತುಂಬಿದ್ದರೆ? ಅದಕ್ಕಿಂತ ಒಳ್ಳೆಯ ಸುದ್ದಿ ಇನ್ನೊಂದಿಲ್ಲ, ಯಾಕೆಂದರೆ ಅದು ನಮ್ಮಿಂದ ಹೋದದ್ದಾಗಲು ಸಾಧ್ಯವೇ ಇಲ್ಲ.

2024ರ ಅಕ್ಟೋಬರ್ 14ರಂದು ಹೊರಟ ಯುರೋಪಾ ಕ್ಲಿಪ್ಪರ್ 2030ರ ಏಪ್ರಿಲ್‌ನಲ್ಲಿ ಗುರುವನ್ನು ತಲುಪಬೇಕು. ಯುರೋಪಾದ ಹತ್ತಿರ 49 ಸಲ ಹಾರುತ್ತದೆ, ಕೆಲವೊಮ್ಮೆ ಬರೀ 25 ಕಿ.ಮೀ. ಎತ್ತರದಲ್ಲಿ. ಇದು ಜೀವ ಹುಡುಕುವ ನೌಕೆಯಲ್ಲ, ಅಲ್ಲಿ ಜೀವಕ್ಕೆ ಬೇಕಾದ್ದೆಲ್ಲ ಇದೆಯಾ ಎಂದು ನೋಡುವ ನೌಕೆ. ಆದರೂ ಅದರ ಧೂಳು ವಿಶ್ಲೇಷಕದ ಮೇಲೆ ನನಗೆ ತುಂಬಾ ಆಸೆ ಇದೆ. ಒಂದೊಂದೇ ಕಣ ಬಂದು ಲೋಹದ ಫಲಕಕ್ಕೆ ಬಡಿದು ಚೂರಾಗುತ್ತದೆ, ಆ ಚೂರುಗಳ ತೂಕವನ್ನು ಅದು ನೋಡುತ್ತದೆ. ಇಂಥ ಉಪಕರಣ ಏನು ಕಾಣಬಹುದು ಎಂದು ತಿಳಿಯೋಕೆ ಲ್ಯಾಬಿನಲ್ಲಿ ನೀರಿನ ಸಣ್ಣ ಎಳೆಗೆ ಲೇಸರ್ ಹೊಡೆಯುತ್ತಾರೆ. ಅಲಾಸ್ಕಾದ ಸಮುದ್ರದ ಒಂದು ಪುಟ್ಟ ಬ್ಯಾಕ್ಟೀರಿಯಾ ಇಟ್ಟುಕೊಂಡು ಹೀಗೆ ಮಾಡಿ, ಒಂದು ಹಿಮಕಣದಲ್ಲಿ ಒಂದೇ ಕೋಶದ ಸಣ್ಣ ಭಾಗವಿದ್ದರೂ ಅದರ ಕೊಬ್ಬಿನ ಆಮ್ಲಗಳು ಕಾಣುತ್ತವೆ ಎಂದು 2024ರಲ್ಲಿ ತೋರಿಸಿದರು. ನೂರಾರು ಕಣಗಳಲ್ಲಿ ಉಪ್ಪು ಮಾತ್ರ ಇದ್ದು ಯಾವುದೋ ಒಂದರಲ್ಲಿ ಮಾತ್ರ ಕೊಬ್ಬಿನ ಆಮ್ಲ ಕಂಡರೆ ಅದನ್ನು ನಂಬಬಹುದು. ನೌಕೆಯದೇ ಜಿಡ್ಡು ಆಗಿದ್ದರೆ ಎಲ್ಲ ಕಣಗಳ ಜೊತೆಗೂ ಕಾಣಬೇಕಿತ್ತಲ್ಲ. ಕಣಗಳನ್ನು ಒಂದೊಂದಾಗಿ ನೋಡುವುದರ ದೊಡ್ಡ ಲಾಭ ಇದೇ, ಪಕ್ಕದ ಕಣವೇ ನಿಮ್ಮ ಬ್ಲಾಂಕ್.

ಎನ್ಸೆಲಾಡಸ್‌ನಲ್ಲಿ ಇಳಿಯುವ ನೌಕೆಗೆ ಯುರೋಪಿನ ಬಾಹ್ಯಾಕಾಶ ಸಂಸ್ಥೆ ತಯಾರಿ ಮಾಡುತ್ತಿದೆ. ಹೊರಡುವುದು 2040ರ ದಶಕದ ಆರಂಭದಲ್ಲಿ, ತಲುಪುವುದು ಅದರ ಮುಂದಿನ ದಶಕದಲ್ಲಿ. ಇಂಥ ನೌಕೆ ಕಟ್ಟುವಾಗ ಬಳಸಿದ ಅಂಟು, ಬಣ್ಣ, ಗ್ರೀಸ್, ತಂತಿಯ ಹೊದಿಕೆ, ತೊಳೆದ ದ್ರಾವಕ, ಜೋಡಿಸಿದವರ ಕೈಗವಸು, ಎಲ್ಲದರ ಪಟ್ಟಿ ಮಾಡಬೇಕು. ಪಟ್ಟಿ ಸಾಲದು, ಒಂದೊಂದರ ಚೂರನ್ನು ಸುಟ್ಟ ಗಾಜಿನ ಸೀಸೆಯಲ್ಲಿ ಹಾಕಿ, ಹೆಸರು ಬರೆದು, ತಣ್ಣಗೆ ಎತ್ತಿಡಬೇಕು. ಬಜೆಟ್ ಬಿಗಿಯಾದಾಗ ಮೊದಲು ಕತ್ತರಿ ಬೀಳುವುದು ಇಂಥ ಕೆಲಸಕ್ಕೆ, ದಯವಿಟ್ಟು ಬಿಡಬೇಡಿ ಎಂದು ನಾನು ಹೋದ ಪ್ರತಿ ಸಭೆಯಲ್ಲೂ ಹೇಳುತ್ತೇನೆ. ಮುಂದೊಂದು ದಿನ ಆ ದಕ್ಷಿಣ ಧ್ರುವದಿಂದ ಬಂದ ಮಾಹಿತಿಯಲ್ಲಿ 255 ಮತ್ತು 283 ಎದ್ದು ನಿಂತಾಗ, ಪರದೆಯ ಮುಂದೆ ಕೂತವರು ಎದ್ದು ಹೋಗಿ ಆ ಕಪಾಟಿನಿಂದ ಕೈಗವಸಿನ ಚೂರು ತೆಗೆದು, ಅದೇ ದಿನ ಯಂತ್ರಕ್ಕೆ ಹಾಕಿ ನೋಡುವಂತಿರಬೇಕು.