ಭಾನುವಾರ ಹನ್ನೊಂದು ಗಂಟೆಯ ಊಟಕ್ಕೆ ಶನಿವಾರದ ಕೆಲಸ

"ಅಕ್ಕಾ, ಹದಿನೈದು ಜನ ಬರ್ತಾರೆ. ಹತ್ತೂವರೆಗೆ ಕರೆದಿದ್ದೇವೆ. ಹಿಂದಿನ ದಿನವೇ ಏನೇನು ಮಾಡಿಡಬಹುದು?"

ಕಾರವಾರದಲ್ಲಿ ಸಣ್ಣ ಸಮಾರಂಭಗಳಿಗೆ ಅಡುಗೆ ಮಾಡಿಕೊಡುವುದು ನನ್ನ ಕೆಲಸ. ಈ ಫೋನು ಬರುವುದು ಹೆಚ್ಚಾಗಿ ಶುಕ್ರವಾರ ಸಂಜೆ. ಅಷ್ಟರೊಳಗೆ ಅವರು ಒಂದು ಪಟ್ಟಿ ಬರೆದುಕೊಂಡಿರುತ್ತಾರೆ: ಇಡ್ಲಿ, ಬನ್ಸ್, ಪೂರಿ, ಭಜಿ, ಶಿರಾ. ಐದರಲ್ಲಿ ಮೂರು ಆ ಬೆಳಗ್ಗೆಯೇ ಎಣ್ಣೆಯಲ್ಲಿ ಕರಿಯಬೇಕಾದವು. ಅಂದರೆ ಕರೆದವರು ಹನ್ನೆರಡರವರೆಗೂ ಬಾಣಲೆ ಮುಂದೆ, ಬಂದವರು ಜಗುಲಿಯಲ್ಲಿ. ಇದಕ್ಕೆ ಜನರನ್ನು ಕರೆಯಬೇಕಾ?

ನಾನು ಹಾಕುವ ಷರತ್ತು ಒಂದೇ. ಬಿಸಿಬಿಸಿಯಾಗಿ ಮಾಡಿ ಬಡಿಸುವ ಪದಾರ್ಥ ಒಂದೇ ಇರಲಿ. ಉಳಿದವಕ್ಕೆ ಆ ಬೆಳಗ್ಗೆ ಬಿಸಿ ಮಾಡುವುದು, ಕಲಸುವುದು, ಒಗ್ಗರಣೆ ಹಾಕುವುದು ಬಿಟ್ಟರೆ ಬೇರೆ ಕೆಲಸ ಉಳಿದಿರಬಾರದು. ಹಾಗೆ ಮಾಡಬೇಕಾದರೆ ಪ್ರತಿ ಪದಾರ್ಥವನ್ನೂ ಮನಸ್ಸಿನಲ್ಲೇ ಎರಡು ತುಂಡು ಮಾಡಿಕೊಳ್ಳಬೇಕು. ಒಂದು ರಾತ್ರಿ ಇಟ್ಟರೂ ತಡೆಯುವ ಭಾಗ, ತಡೆಯದ ಭಾಗ. ಇಡೀ ತಿಂಡಿಯನ್ನೇ ಮೊದಲು ಮಾಡಿಡಲು ಹೊರಟರೆ ಸೋಲುವುದು ಖಚಿತ.

ನಮ್ಮ ಕಡೆ ಈ ಎರಡನ್ನೂ ಬೇರೆ ಮಾಡುವುದು ತೆಂಗಿನಕಾಯಿ. ಹಸಿ ಕಾಯಿಯಲ್ಲಿ ನೀರಿದೆ, ಸಕ್ಕರೆ ಇದೆ, ಕೊಬ್ಬಿದೆ. ರುಬ್ಬಿದ ಕೂಡಲೇ ಅದೆಲ್ಲ ಬಿಡಿಸಿಕೊಂಡು ಹೊರಗೆ ಬರುತ್ತದೆ. ಕರಾವಳಿಯ ಸೆಕೆಗೆ ಅದು ಬೇಗ ಹುಳಿಯಾಗುತ್ತದೆ. ಹಾಗಾಗಿ ಚಟ್ನಿಯನ್ನು ಶನಿವಾರ ರುಬ್ಬಬೇಡಿ. ಶನಿವಾರ ಕಾಯಿ ತುರಿದು, ಡಬ್ಬಿಗೆ ಹಾಕಿ ಫ್ರೀಜರ್‌ನಲ್ಲಿಡಿ. ಹಸಿಮೆಣಸು, ಶುಂಠಿ, ಹುರಿಗಡಲೆ ಇನ್ನೊಂದು ಡಬ್ಬಿಯಲ್ಲಿ ಇರಲಿ. ಭಾನುವಾರ ತಣ್ಣೀರು ಹಾಕಿ ರುಬ್ಬುವುದು ಐದು ನಿಮಿಷದ ಕೆಲಸ. ಮಿಕ್ಸಿ ಬಿಸಿಯಾದಷ್ಟೂ ಚಟ್ನಿ ಬೇಗ ಕೆಡುವುದರಿಂದ ತಣ್ಣೀರೇ ಬೇಕು.

ಹುರಿದ ಕಾಯಿಯ ಮಾತು ಬೇರೆ. ಕಾಯಿ, ಕೊತ್ತಂಬರಿ ಬೀಜ, ಒಣಮೆಣಸು, ಈರುಳ್ಳಿಯನ್ನು ಕೆಂಪಗೆ ಹುರಿದರೆ ನೀರಂಶ ಹೋಗುತ್ತದೆ. ನೀರು ಕಡಿಮೆ ಹಾಕಿ ಗಟ್ಟಿಯಾಗಿ ರುಬ್ಬಿ ಫ್ರಿಜ್‌ನಲ್ಲಿಟ್ಟರೆ ಮರುದಿನಕ್ಕೆ ಧಾರಾಳ ತಡೆಯುತ್ತದೆ. ಹುರಿದ ಮಸಾಲೆ ಹಾಕಿದ ಕಾಳಿನ ಸಾರು, ಅಂದರೆ ಉಸಳ್, ಇಂಥ ದಿನಕ್ಕೆ ನನ್ನ ಮೊದಲ ಆಯ್ಕೆ ಆಗಿರುವುದು ಇದಕ್ಕೇ. ಶುಕ್ರವಾರ ರಾತ್ರಿ ಒಣ ಬಟಾಣಿ ನೆನೆಹಾಕಿ. ಹದಿನೈದು ಜನಕ್ಕೆ ಮುಕ್ಕಾಲು ಕಿಲೋ ಸಾಕು, ನೆನೆದು ಬೆಂದ ಮೇಲೆ ಎರಡು ಪಟ್ಟಿಗಿಂತ ಜಾಸ್ತಿ ಆಗುತ್ತದೆ. ಶನಿವಾರ ಬೇಯಿಸಿ, ಮಸಾಲೆ ಸೇರಿಸಿ, ಚೆನ್ನಾಗಿ ಕುದಿಸಿ ಇಡಿ. ರಾತ್ರಿಯಲ್ಲಿ ಉಪ್ಪು, ಖಾರ ಎರಡೂ ಕಾಳಿನ ಒಳಗೆ ಇಳಿದು ಭಾನುವಾರ ರುಚಿ ಹೆಚ್ಚೇ ಇರುತ್ತದೆ. ರಸ ಗಟ್ಟಿಯಾಗಿರುತ್ತದೆ, ಅದಕ್ಕೆ ಬಿಸಿನೀರು ಸೇರಿಸಿ ಮತ್ತೆ ಕುದಿಸಿ. ಒಗ್ಗರಣೆ, ಕೊತ್ತಂಬರಿ ಸೊಪ್ಪು, ಹೆಚ್ಚಿದ ಈರುಳ್ಳಿ ಬಡಿಸುವ ಹೊತ್ತಿಗೆ. ಕುಮಟಾದ ಸಿಹಿ ಈರುಳ್ಳಿ ಸಿಗುವ ಕಾಲವಾದರೆ ಅದನ್ನೇ ಹಾಕಿ. ಹಸಿಯಾಗಿ ತಿನ್ನಲು ಅದಕ್ಕಿಂತ ಒಳ್ಳೆಯ ಈರುಳ್ಳಿ ನನಗೆ ಗೊತ್ತಿಲ್ಲ.

ಉಸಳ್ ಜೊತೆಗೆ ಬನ್ಸ್ ಇರಲಿ. ಬಿಸಿಯಾಗಿ ಮಾಡುವ ಆ ಒಂದು ಪದಾರ್ಥ ಇದೇ. ಹಿಟ್ಟು ಹಿಂದಿನ ರಾತ್ರಿಯೇ ಆಗಬೇಕು, ಇಲ್ಲದಿದ್ದರೆ ಬನ್ಸ್ ಬನ್ಸ್ ಆಗುವುದಿಲ್ಲ. ಒಂದು ಕಿಲೋ ಮೈದಾಕ್ಕೆ ಸಿಪ್ಪೆ ತೆಗೆದ, ಪೂರ್ತಿ ಕಳಿತ ಬಾಳೆಹಣ್ಣು ಅರ್ಧ ಕಿಲೋದ ಹತ್ತಿರ ಬೇಕು. ಸಕ್ಕರೆ, ಸ್ವಲ್ಪ ಮೊಸರು, ಜೀರಿಗೆ, ಉಪ್ಪು, ಚಿಟಿಕೆ ಸೋಡಾ. ನೀರು ಬೇಡ. ಕಲಸುವಾಗ ಹಿಟ್ಟು ಗಟ್ಟಿ ಅನ್ನಿಸಿದರೂ ಬಿಡಿ. ರಾತ್ರಿಯಲ್ಲಿ ಸಕ್ಕರೆ, ಹಣ್ಣು ನೀರು ಬಿಟ್ಟು ತಾನಾಗಿಯೇ ಮೆತ್ತಗಾಗುತ್ತದೆ. ಆರರಿಂದ ಎಂಟು ಗಂಟೆ ಸಾಕು. ಏಪ್ರಿಲ್, ಮೇ ತಿಂಗಳ ಕಾರವಾರದಲ್ಲಿ ಹಿಟ್ಟನ್ನು ಸಂಜೆಯೇ ಕಲಸಿಟ್ಟರೆ ಬೆಳಗ್ಗೆ ಹುಳಿ ವಾಸನೆ ಬರುತ್ತದೆ. ಮಲಗುವ ಮೊದಲು ಕಲಸಿ, ಅಥವಾ ಫ್ರಿಜ್‌ನಲ್ಲಿಟ್ಟು ಬೆಳಗ್ಗೆ ಒಂದು ಗಂಟೆ ಮೊದಲು ಹೊರಗೆ ತೆಗೆಯಿರಿ. ಮೂವತ್ತರ ಹತ್ತಿರ ಬನ್ಸ್ ಆಗುತ್ತವೆ, ತಲೆಗೆ ಎರಡು. ಇವಕ್ಕೆ ಪೂರಿಯ ಅವಸರ ಇಲ್ಲ. ಕರಿದು ಒಂದು ಗಂಟೆ ಆದರೂ ಮೆತ್ತಗೆ ತಿನ್ನಲು ಚೆನ್ನಾಗಿರುತ್ತವೆ.

ಘಟ್ಟದ ಮೇಲಿನವರು ಕೇಳಿದರೆ ಬನ್ಸ್ ಬದಲು ತೆಳ್ಳೇವು, ಅಂದರೆ ಅಕ್ಕಿಯ ತೆಳು ದೋಸೆ, ಹೇಳುತ್ತೇನೆ. ಅಕ್ಕಿ ನೆನೆಸಿ ನುಣ್ಣಗೆ ರುಬ್ಬಿದ ಹಿಟ್ಟಿಗೆ ಹುಳಿ ಬರುವ ಅಗತ್ಯವೇ ಇಲ್ಲ, ಹಾಗಾಗಿ ಶನಿವಾರ ರುಬ್ಬಿ ಫ್ರಿಜ್‌ನಲ್ಲಿಡಬಹುದು. ಬೆಳಗ್ಗೆ ನೀರು ಸೇರಿಸಿ ತೆಳ್ಳಗೆ ಮಾಡಿ ಎರೆಯುವುದು. ಆದರೆ ಹದಿನೈದು ಜನಕ್ಕೆ ಒಂದೇ ಕಾವಲಿ ಸಾಲದು. ಎರಡು ಕಾವಲಿ, ಎರೆಯಲು ಬೇರೆ ಒಬ್ಬರು ಇದ್ದರೆ ಮಾತ್ರ ಒಪ್ಪಿಕೊಳ್ಳಿ.

ಇಡ್ಲಿ ಬಗ್ಗೆ ಜಗಳ ಜಾಸ್ತಿ. ಹಿಂದಿನ ದಿನ ಬೇಯಿಸಿ ಫ್ರಿಜ್‌ನಲ್ಲಿಟ್ಟ ಇಡ್ಲಿ ಬೆಳಗ್ಗೆ ಗಟ್ಟಿ. ಫ್ರಿಜ್‌ನಲ್ಲಿಟ್ಟರೆ ಹಾಳಾಗಬಾರದಲ್ಲ ಎಂದು ಕೇಳುತ್ತಾರೆ. ಅದು ಹಾಳಾಗಿರುವುದಿಲ್ಲ. ಬೆಂದ ಪಿಷ್ಟ ತಣ್ಣಗಾದಾಗ ಮತ್ತೆ ಬಿಗಿದುಕೊಳ್ಳುತ್ತದೆ. ಫ್ರಿಜ್‌ನ ನಾಲ್ಕೈದು ಡಿಗ್ರಿಯಲ್ಲಿ ಅದು ಬಲು ಬೇಗ ಆಗುತ್ತದೆ. ನಾಲ್ಕೈದು ನಿಮಿಷ ಹಬೆಯಲ್ಲಿಟ್ಟರೆ ಮತ್ತೆ ಮೆದುವಾಗುತ್ತದೆ, ಮೈಕ್ರೋವೇವ್‌ನಲ್ಲಿ ಒಣಗುತ್ತದೆ. ಶಿರಾ ಕಥೆಯೂ ಇದೇ. ಅದರಲ್ಲಿ ತುಪ್ಪವೂ ಹೆಪ್ಪುಗಟ್ಟಿ ಬಾಯಿಗೆ ಅಂಟುತ್ತದೆ. ಶಿರಾ ಬೇಕೇ ಬೇಕು ಎಂದಾದರೆ ರವೆಯನ್ನು ತುಪ್ಪದಲ್ಲಿ ಹುರಿದಿಟ್ಟುಕೊಳ್ಳಿ ಅಷ್ಟೇ.

ಸಿಹಿಗೆ ನಾನು ಹೇಳುವುದು ಕಡುಬು. ಸೌತೆಕಾಯಿಯದ್ದಾಗಲಿ, ಹಲಸಿನ ಹಣ್ಣಿನದ್ದಾಗಲಿ, ಬಾಳೆ ಎಲೆಯಲ್ಲಿ ಸುತ್ತಿ ಶನಿವಾರ ಬೇಯಿಸಿ, ಆರಿದ ಮೇಲೆ ಎಲೆ ಸಮೇತ ಫ್ರಿಜ್‌ನಲ್ಲಿಡಿ. ಭಾನುವಾರ ಎಲೆ ಸಮೇತವೇ ಹತ್ತು ನಿಮಿಷ ಹಬೆ. ಎಲೆ ಇರುವುದರಿಂದ ಒಣಗುವುದಿಲ್ಲ, ಬೆಲ್ಲ ಇರುವುದರಿಂದ ಇಡ್ಲಿಯಷ್ಟು ಗಟ್ಟಿಯೂ ಆಗುವುದಿಲ್ಲ. ಮೇಲೆ ಒಂದು ಚಮಚ ತುಪ್ಪ. ಅಷ್ಟೂ ಕೈಲಾಗದಿದ್ದರೆ ಶಿರಸಿಯಿಂದ ತೊಡದೇವು ತರಿಸಿ. ಕಬ್ಬಿನ ಹಾಲಿನ ಆ ತೆಳು ಹಾಳೆಗಳನ್ನು ಮೀರಿಸುವ ಮೊದಲೇ ಮಾಡಿಟ್ಟ ಸಿಹಿ ನಮ್ಮ ಜಿಲ್ಲೆಯಲ್ಲಿಲ್ಲ. ಗಾಳಿಯಾಡದ ಡಬ್ಬಿಯಲ್ಲೇ ಇರಲಿ. ಮಳೆಗಾಲದಲ್ಲಿ ತಟ್ಟೆಗೆ ಹಾಕಿ ಮೇಜಿನ ಮೇಲಿಟ್ಟರೆ ತಂಪೆಳೆದು ಮೆತ್ತಗಾಗುತ್ತದೆ. ಮೇ ತಿಂಗಳಾದರೆ ಇದ್ಯಾವುದೂ ಬೇಡ. ಅಂಕೋಲೆಯ ಕರಿ ಇಶಾಡ ಮಾವಿನ ಹಣ್ಣು ತಂದರೆ ಮುಗಿಯಿತು. 2023ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಸೂಚಕ) ಮಾನ್ಯತೆ ಬಂದಾಗ ಊರಿನವರಿಗೆ ಆಶ್ಚರ್ಯವೇನೂ ಆಗಲಿಲ್ಲ.

ಕುಡಿಯಲು ಸೋಲ್ ಕಡಿ ಎಲ್ಲರಿಗೂ ಇಷ್ಟ, ಆದರೆ ಮೊದಲೇ ಮಾಡಿಡುವವರಿಗೆ ಕೈ ಕೊಡುವುದೂ ಅದೇ. ಇಲ್ಲೂ ಎರಡು ತುಂಡು. ಒಣ ಮುರುಗಲು (ಕೋಕಂ) ಸಿಪ್ಪೆಯನ್ನು ರಾತ್ರಿ ನೆನೆಸಿ, ಹಿಂಡಿ, ಸೋಸಿ ಗಾಢವಾದ ರಸ ಮಾಡಿ ಫ್ರಿಜ್‌ನಲ್ಲಿಡಿ. ಹುಳಿ ಇರುವುದರಿಂದ ಅದಕ್ಕೆ ಏನೂ ಆಗುವುದಿಲ್ಲ. ಕಾಯಿಹಾಲು, ಬೆಳ್ಳುಳ್ಳಿ, ಹಸಿಮೆಣಸು ಭಾನುವಾರ ಬೆಳಗ್ಗೆ. ಎರಡನ್ನೂ ಸೇರಿಸುವುದು ನೆಂಟರು ಬಂದು ಕೂತ ಮೇಲೆ. ಮೊದಲೇ ಸೇರಿಸಿಟ್ಟರೆ ಕಾಯಿಹಾಲು ಒಡೆದ ಹಾಗೆ ಮೇಲೆ ತೇಲುತ್ತದೆ. ಅಪ್ಪೆಹುಳಿಗೆ ಈ ತಾಪತ್ರಯವೂ ಇಲ್ಲ. ಮಾವಿನಕಾಯಿ ಬೇಯಿಸಿ ಕಿವುಚಿ ಇಟ್ಟರೆ ಆಯಿತು, ಬೆಳಗ್ಗೆ ನೀರು, ಉಪ್ಪು, ಇಂಗಿನ ಒಗ್ಗರಣೆ. ಚಹಾ ಬದಲು ಕಷಾಯ ಇಟ್ಟರೆ ದೊಡ್ಡ ಫ್ಲಾಸ್ಕಿನಲ್ಲಿ ತುಂಬಿಟ್ಟು ಮರೆತುಬಿಡಬಹುದು.

ಮೀನಿನ ಮನೆಯವರ ಪ್ರಶ್ನೆ ಬೇರೆ ಇರುತ್ತದೆ. ಕರಿದ ಮೀನು ಬೇಡ ಎಂದರೆ ಮುಖ ಸಣ್ಣ ಮಾಡುತ್ತಾರೆ. ಬನ್ಸ್ ಜೊತೆ ಅದೂ ಸೇರಿದರೆ ಮತ್ತೆ ಎರಡು ಬಾಣಲೆ. ಸಿಗಡಿ ಗಸಿ ಮಾಡಿ ಎನ್ನುತ್ತೇನೆ. ಮಸಾಲೆ ಕುದಿಸಿದ ಗಸಿ ಶನಿವಾರದ್ದು, ಸಿಗಡಿ ಭಾನುವಾರ ಬೆಳಗ್ಗೆ ಪೇಟೆಯಿಂದ ಬಂದದ್ದು. ಕುದಿಯುವ ಗಸಿಗೆ ಹಾಕಿದರೆ ನಾಲ್ಕೈದು ನಿಮಿಷದಲ್ಲಿ ಬೆಂದಿತು. ಸಿಗಡಿಗೆ ಉಪ್ಪು, ಹುಳಿ ಹಚ್ಚಿ ರಾತ್ರಿಯಿಡೀ ಇಡಬೇಡಿ, ತಿನ್ನುವಾಗ ಅದರ ಹದವೇ ಹೋಗಿರುತ್ತದೆ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧ ಇರುತ್ತದಲ್ಲ, ಆಗ ಒಣ ಸಿಗಡಿಯ ಕಿಸ್ಮೂರ್ ಮಾಡಿ. ಸಿಗಡಿಯನ್ನು ಶನಿವಾರ ಹುರಿದು ಡಬ್ಬಿಗೆ ಹಾಕಿ. ಕಾಯಿ, ಈರುಳ್ಳಿ, ಹುಳಿ ಕಲಸುವುದು ಬಡಿಸುವ ಹತ್ತು ನಿಮಿಷ ಮೊದಲು. ಇಲ್ಲವಾದರೆ ಕುರುಕುರು ಇರುವುದಿಲ್ಲ. ಕೋಸಂಬರಿಗೂ ಉಪ್ಪು ಕೊನೆಗೇ, ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ.

ಈಗ ಯಾರೂ ಕೇಳದ, ಆದರೆ ನಾನು ಪ್ರತಿ ಸಲ ಹೇಳುವ ಮಾತು. ಉಸಳ್ ಮಾಡಿದ ಐದು ಲೀಟರ್ ಪಾತ್ರೆಯನ್ನು ಹಾಗೇ ಮುಚ್ಚಿ ಕಟ್ಟೆ ಮೇಲೆ ಬಿಡುವುದು, ಮಲಗುವಾಗ ಫ್ರಿಜ್‌ಗೆ ಸೇರಿಸುವುದು. ಇದು ತುಂಬ ಮನೆಗಳ ರೂಢಿ. 5 ಡಿಗ್ರಿಯಿಂದ 60 ಡಿಗ್ರಿ ಸೆಲ್ಸಿಯಸ್ ನಡುವೆ ಬ್ಯಾಕ್ಟೀರಿಯಾ ಬೆಳೆಯುತ್ತವೆ. ದೊಡ್ಡ ಪಾತ್ರೆಯ ನಟ್ಟನಡುವಿನ ಸಾರು ಫ್ರಿಜ್ ಒಳಗೂ ಗಂಟೆಗಟ್ಟಲೆ ಬೆಚ್ಚಗೇ ಇರುತ್ತದೆ. ಅಗಲವಾದ, ಆಳ ಕಡಿಮೆ ಇರುವ ಪಾತ್ರೆಗಳಿಗೆ ಹಂಚಿ. ತಣ್ಣೀರು ತುಂಬಿದ ಪರಾತದಲ್ಲಿ ಇಟ್ಟು ಕೈಯಾಡಿಸಿ. ಎರಡು ಗಂಟೆಯೊಳಗೆ ಫ್ರಿಜ್ ಸೇರಲಿ. ಮರುದಿನ ಬೆಚ್ಚಗೆ ಮಾಡಿದರೆ ಸಾಲದು, ನಡುವೆಯೂ ಗುಳುಗುಳು ಕುದಿಯಬೇಕು.

ಅನ್ನದ ವಿಷಯದಲ್ಲಿ ಕುದಿಸಿದರೂ ಭರವಸೆ ಇಲ್ಲ. ಚಿತ್ರಾನ್ನಕ್ಕೆಂದು ರಾತ್ರಿ ಮಾಡಿ ಹೊರಗಿಟ್ಟ ಅನ್ನದಲ್ಲಿ ಬ್ಯಾಸಿಲಸ್ ಸೀರಿಯಸ್ ಎಂಬ ಬ್ಯಾಕ್ಟೀರಿಯಾ ಬೆಳೆಯಬಹುದು. ವಾಂತಿ ತರಿಸುವ ಅದರ ವಿಷ ಬಿಸಿ ಮಾಡಿದರೂ ಹೋಗುವುದಿಲ್ಲ. ಅನ್ನವನ್ನು ತಟ್ಟೆಯಲ್ಲಿ ಹರಡಿ, ಬೇಗ ಆರಿಸಿ, ಫ್ರಿಜ್‌ನಲ್ಲಿಡಿ. ಅಲ್ಲಿ ಜಾಗ ಇಲ್ಲ ಎಂದಾದರೆ ಚಿತ್ರಾನ್ನವನ್ನೇ ಪಟ್ಟಿಯಿಂದ ತೆಗೆಯಿರಿ. ಸುಮ್ನೆ ಅಪಾಯ ಯಾಕೆ?

ಫ್ರಿಜ್‌ನಲ್ಲಿ ಜಾಗ ಎಷ್ಟಿದೆ ಎಂದು ಶುಕ್ರವಾರವೇ ನೋಡಿಕೊಳ್ಳಿ. ಪಟ್ಟಿ ಬರೆಯುವ ಮೊದಲು ಮಾಡಬೇಕಾದ ಕೆಲಸ ಅದು. ಮಳೆಗಾಲವಾದರೆ ರುಬ್ಬುವ ಕೆಲಸವನ್ನೆಲ್ಲ ಶನಿವಾರ ಮಧ್ಯಾಹ್ನದೊಳಗೆ ಮುಗಿಸಿ, ಸಂಜೆ ಕರೆಂಟಿನ ಮೇಲೆ ನಂಬಿಕೆ ಬೇಡ. ಕರೆಂಟ್ ಹೋದರೆ ಫ್ರಿಜ್ ಬಾಗಿಲು ತೆರೆಯಬೇಡಿ. ಮುಚ್ಚಿದ ಫ್ರಿಜ್ ಸುಮಾರು ನಾಲ್ಕು ಗಂಟೆ ತಂಪು ಹಿಡಿದಿಡುತ್ತದೆ.

ಹೊತ್ತಿನ ಲೆಕ್ಕವನ್ನು ಬಡಿಸುವ ಹೊತ್ತಿನಿಂದ ಹಿಂದಕ್ಕೆ ಹಾಕಿ. ಹತ್ತೂವರೆಗೆ ಕರೆದರೆ ಎಲ್ಲರೂ ಸೇರುವುದು ಹನ್ನೊಂದೂಕಾಲಕ್ಕೆ, ಅಲ್ವಾ? ಒಂಬತ್ತಕ್ಕೆ ಬನ್ಸ್ ಉಂಡೆ, ಒಂಬತ್ತೂವರೆಗೆ ಕಡುಬು ಹಬೆಗೆ, ಹತ್ತಕ್ಕೆ ಉಸಳ್ ಒಲೆಗೆ, ಹತ್ತೂಕಾಲಕ್ಕೆ ಬಾಣಲೆ. ಚಟ್ನಿಯನ್ನು ಆ ನಡುವೆ ರುಬ್ಬಿ ಅರ್ಧ ಮಾತ್ರ ಮೇಜಿಗೆ ಇಡಿ, ಇನ್ನರ್ಧ ಫ್ರಿಜ್‌ನಲ್ಲಿ ಇರಲಿ. ಒಂದೂವರೆ ಹೊತ್ತಿಗೆ ಮೇಜಿನ ಮೇಲೆ ಉಳಿದ ಚಟ್ನಿ, ಸೋಲ್ ಕಡಿ, ಕಿಸ್ಮೂರ್ ಚೆಲ್ಲಿಬಿಡಿ, ಡಬ್ಬಿಗೆ ತುಂಬಿ ಯಾರ ಕೈಗೂ ಕೊಡಬೇಡಿ. ಬನ್ಸ್, ಕಡುಬು ಧಾರಾಳವಾಗಿ ಕಟ್ಟಿಕೊಡಿ. ಒಲೆ ಮೇಲೆ ಬಿಸಿಯಾಗಿಯೇ ಉಳಿದ ಉಸಳ್ ಇದ್ದರೆ ಹತ್ತಿರದ ಮನೆಯವರಿಗೆ ಮಾತ್ರ ಕೊಡಿ. ಹುಬ್ಬಳ್ಳಿ ಬಸ್ಸು ಹತ್ತುವವರಿಗೆ ತೊಡದೇವು ಸಾಕು.